ಚಿತ್ರಕಲಾ ಮೇಷ್ಟ್ರ ಕುರ್ಚಿಯಲ್ಲಿ ಒಂದು ಕನ್ನಡಕ

ನಮ್ಮ ತಾಲ್ಲೂಕಿನ ಒಂದು ಖಾಸಗಿ ಶಾಲೆಯವರು ಈ ವರ್ಷದ ಪ್ರವೇಶಕ್ಕೆಂದು ಮನೆಮನೆಗೆ ಹಂಚಿದ ಕರಪತ್ರ ನನ್ನ ಕೈಗೂ ಬಂದಿತು. ತಮ್ಮಲ್ಲಿ ಚಿತ್ರಕಲೆಯನ್ನು ಇನ್ನು ಮುಂದೆ ವರ್ಚುವಲ್ ರಿಯಾಲಿಟಿಯ ಮೂಲಕ ಕಲಿಸಲಾಗುವುದೆಂದೂ, ಕಾಗದ-ಬಣ್ಣಗಳ ಗೊಡವೆ ಮುಗಿಯಿತೆಂದೂ ಅದರಲ್ಲಿ ದೊಡ್ಡಕ್ಷರಗಳಲ್ಲಿ ಘೋಷಿಸಲಾಗಿದೆ. ಅದೇ ಶಾಲೆಯ ಚಿತ್ರಕಲಾ ಶಿಕ್ಷಕರು ನಿವೃತ್ತರಾಗಿ ಎರಡು ವರ್ಷಗಳು ಕಳೆದಿವೆ. ಆ ಸ್ಥಾನಕ್ಕೆ ಈವರೆಗೆ ಯಾರನ್ನೂ ನೇಮಿಸಿಕೊಂಡಿಲ್ಲ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನನ್ನ ಜಗಳ ಆ ಆಟದೊಂದಿಗಲ್ಲ. ಕಂಡರಿಯದ ವಸ್ತುವನ್ನು ಬಯ್ಯುವ ಚಾಳಿ ನನ್ನದಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿ ಹದಿಮೂರು ವರ್ಷದ ಮೊಮ್ಮಗ ಗಣಕಯಂತ್ರಕ್ಕೆ ಈ ಆಟವನ್ನು ಅಳವಡಿಸುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಆಮೇಲೆ ಕನ್ನಡಕ ಧರಿಸಿ ಆಡಿಯೂ ಇದ್ದೇನೆ. ಮೊದಲು ‘ಸ್ಟೀಮ್’ ಎಂಬ ಅಂಗಡಿಯ ತಂತ್ರಾಂಶವನ್ನು ಇಳಿಸಿಕೊಂಡು ಖಾತೆ ತೆರೆಯಬೇಕು. ಅದರೊಳಗಿಂದ ‘ಸ್ಟೀಮ್ ವಿ.ಆರ್.’ ಎಂಬ ಇನ್ನೊಂದನ್ನು ಹಾಕಿಕೊಳ್ಳಬೇಕು. ಕನ್ನಡಕವನ್ನು ಕೇಬಲ್ಲಿನಿಂದಲೋ ವೈಫೈನಿಂದಲೋ ಗಣಕಕ್ಕೆ ಜೋಡಿಸಬೇಕು. ಕೊನೆಗೆ, ಮೇಜು ಕುರ್ಚಿಗಳನ್ನು ಬದಿಗೆ ಸರಿಸಿ, ಎಷ್ಟು ಜಾಗದಲ್ಲಿ ಓಡಾಡಬಹುದೆಂಬ ಗಡಿಯನ್ನು ಅದಕ್ಕೆ ತೋರಿಸಬೇಕು. ಕೋಣೆಯೊಳಗೆ ನಡೆದಾಡಿ ಆಡಲು ಕನಿಷ್ಠ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಖಾಲಿ ನೆಲ ಬೇಕೆಂದು ಸ್ಟೀಮ್‌ನ ಸೂಚನೆಯಿದೆ. ಇದೆಲ್ಲ ಮುಗಿಯುವ ವೇಳೆಗೆ ಅರ್ಧ ಸಂಜೆ ಕಳೆದಿತ್ತು.

ಆದರೆ ಮುಂದಿನದು ನಿಜಕ್ಕೂ ಸೊಗಸು. ಎಡಗೈಯಲ್ಲಿ ಬಣ್ಣದ ಹಲಗೆ, ಬಲಗೈಯಲ್ಲಿ ಕುಂಚ. ಕೈ ಬೀಸಿದೆಡೆಯೆಲ್ಲ ಗಾಳಿಯಲ್ಲಿ ಬಣ್ಣದ ಪಟ್ಟಿ ನಿಲ್ಲುತ್ತದೆ. ಬೆಂಕಿಯ ಕುಂಚವಿದೆ, ಹಿಮದ ಕುಂಚವಿದೆ, ನಕ್ಷತ್ರಗಳನ್ನು ಚೆಲ್ಲುವ ಕುಂಚವಿದೆ. ಬರೆದ ಮರದ ಸುತ್ತ ಪ್ರದಕ್ಷಿಣೆ ಹಾಕಬಹುದು, ಅದರ ಬುಡದಲ್ಲಿ ಕುಳಿತು ತಲೆಯೆತ್ತಿ ನೋಡಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮೇಲೆ ಘನಾಕೃತಿಗಳನ್ನು ಚುಕ್ಕೆಗೆರೆಗಳಿಂದ ತೋರಿಸಿ, ‘ಈ ಅಂಚು ಹಿಂದೆ ಇದೆಯೆಂದು ಭಾವಿಸಿ’ ಎಂದು ಹೇಳುತ್ತ ಬಂದ ಗಣಿತದ ಮೇಷ್ಟ್ರಿಗೆ, ಭಾವಿಸಬೇಕಾದ ಅಗತ್ಯವೇ ಇಲ್ಲದೆ ಆ ಹಿಂದಿನ ಅಂಚಿನ ಬಳಿಗೆ ನಡೆದುಹೋಗುವುದೆಂದರೆ ಸಣ್ಣ ಸಂತೋಷವಲ್ಲ. ಆದ್ದರಿಂದ, ಇಂಥ ಆಟವಾಡುವ ಮಕ್ಕಳೆಲ್ಲ ಕೆಟ್ಟುಹೋದರೆಂದು ಗೊಣಗುವ ನನ್ನ ಸಮವಯಸ್ಕರ ಪಂಕ್ತಿಗೆ ನಾನು ಸೇರುವುದಿಲ್ಲ. ರಜೆಯ ಸಂಜೆ ಮೊಮ್ಮಗನು ಗಾಳಿಯಲ್ಲಿ ಗಂಡಭೇರುಂಡ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಆಟವನ್ನು ಆಟವೆಂದು ಆಡಿರಿ. ಅದನ್ನು ಪಾಠವೆಂದು ಮಾರಬೇಡಿರಿ. ನನ್ನ ಆಕ್ಷೇಪವೆಲ್ಲ ಇಷ್ಟೇ. ಇದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ಕೈಗೆ ಸಂಬಂಧಿಸಿದ್ದು. ಚಿತ್ರ ಕಲಿಯುವುದೆಂದರೆ ಬಹುಮಟ್ಟಿಗೆ ಎದುರು ವಸ್ತುವಿನ ಹಟವನ್ನು ಕಲಿಯುವುದು. ಕಾಗದ ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಬಣ್ಣ ಹರಿಯುತ್ತದೆ, ಪೆನ್ಸಿಲನ್ನು ಒತ್ತಿದರೆ ಮೊನೆ ಮುರಿಯುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಹಸೆ ಚಿತ್ತಾರ ಬರೆಯುವಾಗ ಗೆರೆ ಅಷ್ಟು ನೇರವಾಗಿ ಬರುವುದು, ಗೋಡೆ, ನಾರು, ಹಿಟ್ಟು ಈ ಮೂರರ ಸ್ವಭಾವವನ್ನೂ ಅವರ ಬೆರಳು ಬಲ್ಲದು ಎಂಬ ಕಾರಣದಿಂದ. ಗಾಳಿಗೆ ಅಂಥ ಹಟವೇ ಇಲ್ಲ. ಅಲ್ಲಿ ಕುಂಚ ಯಾವುದನ್ನೂ ತಾಗುವುದಿಲ್ಲ. ತಪ್ಪಿದರೆ ಗುಂಡಿಯೊಂದನ್ನು ಒತ್ತಿದೊಡನೆ ಗೆರೆ ಮಾಯವಾಗುತ್ತದೆ. ಬಲ್ಲ ಕಲಾವಿದನಿಗೆ ಅದು ಅನುಕೂಲ. ಎಂಟನೆಯ ತರಗತಿಯ ಹುಡುಗನಿಗೆ, ತಪ್ಪಿದ ಗೆರೆಯೊಂದಿಗೆ ಹೆಣಗಾಡಿ ಅದನ್ನೇ ಚಿತ್ರದೊಳಕ್ಕೆ ಸೇರಿಸಿಕೊಳ್ಳುವ ಉಪಾಯವನ್ನು ಅದು ಕಲಿಸುವುದಿಲ್ಲ.

ಎರಡನೆಯದು ಬರಿಯ ಲೆಕ್ಕ. ಆ ಶಾಲೆಯವರು ತರಿಸಿರುವುದು ಒಂದು ಕನ್ನಡಕ. ತರಗತಿಯಲ್ಲಿ ೪೦ ಮಕ್ಕಳು, ಅವಧಿ ೪೦ ನಿಮಿಷ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಒಂದು ನಿಮಿಷ. ಪಟ್ಟಿ ಬಿಗಿಮಾಡುವುದು, ಬೆವರು ಒರೆಸುವುದು, ಕಣ್ಣಿಗೆ ಸರಿಹೊಂದಿಸುವುದು ಎಲ್ಲವೂ ಅದರೊಳಗೇ ಆಗಬೇಕು. ವಾರಕ್ಕೊಂದು ಅವಧಿಯಂತೆ ವರ್ಷಕ್ಕೆ ೩೦ ಅವಧಿ ಸಿಕ್ಕಿದರೂ ಒಂದು ಮಗುವಿನ ಇಡೀ ವರ್ಷದ ಚಿತ್ರಕಲಾಭ್ಯಾಸ ಅರ್ಧ ಗಂಟೆ! ಉಳಿದ ೩೯ ಮಕ್ಕಳು ಗಾಳಿಯಲ್ಲಿ ಕೈಯಾಡಿಸುವ ಗೆಳೆಯನನ್ನು ನೋಡಿ ನಗುತ್ತ ಕುಳಿತಿರಬೇಕು. ಅದೇ ಕನ್ನಡಕ ಮತ್ತು ಅದಕ್ಕೆ ತಕ್ಕ ಗಣಕಯಂತ್ರದ ಹಣದಲ್ಲಿ ಎಷ್ಟು ಚಿತ್ರಪುಸ್ತಕ, ಎಷ್ಟು ಬಣ್ಣದ ಪೆಟ್ಟಿಗೆ ಬರುತ್ತಿತ್ತೆಂಬುದನ್ನು ಪಾಲಕರೇ ಗುಣಿಸಿ ನೋಡಲಿ. ಇನ್ನು ಸಣ್ಣ ತರಗತಿಗಳ ಮಾತು. ‘ಕ್ವೆಸ್ಟ್’ ಕನ್ನಡಕವನ್ನು ತಯಾರಿಸುವ ಮೆಟಾ ಕಂಪನಿಯೇ ಹತ್ತು ವರ್ಷದೊಳಗಿನ ಮಕ್ಕಳಿಗೆ ಅದು ತಕ್ಕುದಲ್ಲವೆನ್ನುತ್ತದೆ; ೨೦೨೩ರವರೆಗೆ ಆ ಮಿತಿ ಹದಿಮೂರು ಆಗಿತ್ತು. ಹೀಗಿರುವಾಗ ಒಂದನೆಯ ತರಗತಿಯಿಂದಲೇ ಕಲಿಸುತ್ತೇವೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವರು ಆ ಪೆಟ್ಟಿಗೆಯೊಳಗಿನ ಸೂಚನೆಯನ್ನಾದರೂ ಓದಿದ್ದಾರೆಯೇ?

ಮೂರನೆಯದು, ಈ ಸಾಮಗ್ರಿಯ ಆಯುಷ್ಯ. ಈ ಬಗೆಯ ಚಿತ್ರರಚನೆಯನ್ನು ಜನಪ್ರಿಯಗೊಳಿಸಿದ್ದು ‘ಟಿಲ್ಟ್ ಬ್ರಶ್’. ಸ್ಕಿಲ್‌ಮನ್ ಮತ್ತು ಹ್ಯಾಕೆಟ್ ಎಂಬಿಬ್ಬರ ಪುಟ್ಟ ಸಂಸ್ಥೆಯ ಸೃಷ್ಟಿ ಅದು. ೨೦೧೫ರಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ೨೦೧೬ರ ಏಪ್ರಿಲ್‌ನಲ್ಲಿ ‘ವೈವ್’ ಕನ್ನಡಕದ ಜೊತೆಗೆ ಆಟ ಬಿಡುಗಡೆಯಾಯಿತು. ಆಗ ಆ ಕನ್ನಡಕದ ಬೆಲೆ ೭೯೯ ಡಾಲರ್. ಐದು ವರ್ಷ ತುಂಬುವ ಮೊದಲೇ, ೨೦೨೧ರ ಜನವರಿಯಲ್ಲಿ, ತಾನಿನ್ನು ಅದನ್ನು ಅಭಿವೃದ್ಧಿಪಡಿಸುವುದಿಲ್ಲವೆಂದು ಗೂಗಲ್ ಪ್ರಕಟಿಸಿತು. ಜನರು ತಮ್ಮ ರಚನೆಗಳನ್ನು ಇರಿಸಿದ್ದ ‘ಪಾಲಿ’ ಎಂಬ ಸಂಗ್ರಹಾಲಯವೂ ಅದೇ ವರ್ಷದ ಜೂನ್ ೩೦ರಂದು ಮುಚ್ಚಿತು. ಪುಣ್ಯಕ್ಕೆ ಗೂಗಲ್ ಆಟದ ಮೂಲಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದನ್ನು ಹವ್ಯಾಸಿಗಳು ಕೈಗೆತ್ತಿಕೊಂಡು ‘ಓಪನ್ ಬ್ರಶ್’ ಎಂಬ ಹೆಸರಿನಲ್ಲಿ ಬೆಳೆಸಿದರು. ನನ್ನ ಮೊಮ್ಮಗ ಆಡುವುದು ಇದನ್ನೇ, ಅದೂ ಉಚಿತವಾಗಿ. ಆ ಹವ್ಯಾಸಿಗಳಿಗೆ ನನ್ನ ನಮಸ್ಕಾರ. ಆದರೆ ಎಲ್ಲ ಆಟಗಳಿಗೂ ಇಂಥ ಮರುಜನ್ಮ ದೊರೆಯುವುದಿಲ್ಲವಲ್ಲ.

ಯಂತ್ರಗಳ ಪಾಡೂ ಹೀಗೆಯೇ. ವಿಂಡೋಸ್ ಗಣಕಗಳಿಗೆಂದೇ ಹಲವು ಕಂಪನಿಗಳು ಮಾರಿದ ‘ಮಿಕ್ಸ್‌ಡ್ ರಿಯಾಲಿಟಿ’ ಕನ್ನಡಕಗಳಿದ್ದವು. ಆ ವ್ಯವಸ್ಥೆಯನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ ೨೦೨೩ರ ಡಿಸೆಂಬರ್‌ನಲ್ಲಿ ತಿಳಿಸಿತು. ೨೦೨೪ರ ವಿಂಡೋಸ್ ಪರಿಷ್ಕರಣೆಯಲ್ಲಿ ಅದನ್ನು ತೆಗೆದೇ ಹಾಕಿತು. ಗಣಕವನ್ನು ಪರಿಷ್ಕರಿಸಿಕೊಂಡವರ ಕನ್ನಡಕಗಳು ಒಡೆಯದೆಯೂ ಸವೆಯದೆಯೂ ಒಂದು ಬೆಳಿಗ್ಗೆ ಕೆಲಸ ನಿಲ್ಲಿಸಿದವು. ಅಂಗಡಿಯವನು ಮುಚ್ಚಿಕೊಂಡು ಹೋದನೆಂದು ಮನೆಯಲ್ಲಿರುವ ಪೆನ್ಸಿಲ್ ಬರೆಯುವುದನ್ನು ನಿಲ್ಲಿಸಿದ್ದುಂಟೇ? ಒಂದನೆಯ ತರಗತಿಗೆ ಸೇರಿದ ಮಗು ಎಸ್.ಎಸ್.ಎಲ್.ಸಿ. ಮುಗಿಸಲು ಹತ್ತು ವರ್ಷ ಬೇಕು. ಆ ಹತ್ತು ವರ್ಷವೂ ಬಾಳುವುದೆಂಬ ಭರವಸೆಯಿಲ್ಲದ ವಸ್ತುವಿನ ಮೇಲೆ ಪಠ್ಯಕ್ರಮವನ್ನು ನಿಲ್ಲಿಸುವುದು ವಿವೇಕವೆನಿಸುವುದಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದುದು, ಆ ಖಾಲಿ ಕುರ್ಚಿ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ತೆಗೆದು ನೋಡಿ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾಶಿಕ್ಷಣಕ್ಕೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕೆಂದು ಅದು ಹೇಳುತ್ತದೆ. ಬೋಧಕರು ಎಂದರೆ ಮನುಷ್ಯರು. ಕನ್ನಡಕಕ್ಕೆ ಸಂಬಳ ಕೊಡಬೇಕಾಗಿಲ್ಲ, ಭವಿಷ್ಯನಿಧಿ ಕಟ್ಟಬೇಕಾಗಿಲ್ಲ, ಅದು ರಜೆ ಕೇಳುವುದಿಲ್ಲ. ಮೇಲಾಗಿ ಕರಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆಡಳಿತ ಮಂಡಳಿಗೆ ಅದು ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಲೆಕ್ಕದಲ್ಲಿ ಸೊನ್ನೆ ತೆಗೆಯುತ್ತಿದ್ದ ಎಷ್ಟು ಹುಡುಗರು ಚಿತ್ರದ ಅವಧಿಗಾಗಿಯೇ ಶಾಲೆಗೆ ಬರುತ್ತಿದ್ದರೆಂಬುದನ್ನು ಶಿಕ್ಷಕರ ಕೊಠಡಿಯಲ್ಲಿ ಕುಳಿತು ಬಲ್ಲವನು ನಾನು. ಅಂಥವನ ಬೆನ್ನ ಹಿಂದೆ ನಿಂತು, ‘ಎತ್ತಿನ ಕಾಲು ಹೀಗೆ ಮಡಚುವುದಿಲ್ಲ ಕಣೋ, ಹೊರಗೆ ಹೋಗಿ ನೋಡಿ ಬಾ’ ಎಂದು ಹೇಳಲು ಒಬ್ಬ ಮೇಷ್ಟ್ರು ಬೇಕು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಿಗೆ ಕಟ್ಟಿಸಿ, ಅವನಿಗೂ ಒಂದು ಪ್ರಮಾಣಪತ್ರ ಬರುವಂತೆ ಮಾಡಿದವರು ಆ ಮೇಷ್ಟ್ರುಗಳೇ. ಯಾವ ಕುಂಚ ಬೇಕೆಂದು ಯಂತ್ರ ಕೇಳುತ್ತದೆ. ಏಕೆ ಅಳುತ್ತಿದ್ದೀಯೆ ಎಂದು ಅದು ಕೇಳುವುದಿಲ್ಲ.

ತಂತ್ರಾಂಶ ಕ್ಷೇತ್ರದಲ್ಲಿರುವ ನನ್ನ ಶಿಷ್ಯರು ಕೆಲವರು ಇದಕ್ಕೆ ಏನೆನ್ನುವರೆಂಬುದನ್ನು ಊಹಿಸಬಲ್ಲೆ. ‘ಮೇಷ್ಟ್ರೇ, ಶಾಲೆಗೆ ಗಣಕಯಂತ್ರ ಬಂದಾಗಲೂ ಜನ ಹೀಗೆಯೇ ಹೇಳಿದ್ದರು’ ಎನ್ನುವಿರಿ. ಹೇಳಿದವರು ಇದ್ದರು, ನಿಜ. ಆದರೆ ಗಣಕಯಂತ್ರವನ್ನು ಗಣಿತದ ಮೇಷ್ಟ್ರ ಬದಲಿಗೆ ತರಲಿಲ್ಲ; ಅವರ ಜೊತೆಗೆ ತಂದರು. ಇಲ್ಲಿಯೂ ಹಾಗೆಯೇ ಮಾಡಲಿ. ಚಿತ್ರಕಲಾ ಶಿಕ್ಷಕರನ್ನು ನೇಮಿಸಲಿ. ಕನ್ನಡಕವನ್ನು ಅವರ ಕೈಗೆ ಕೊಡಲಿ. ಕಾಗದದ ಮೇಲೆ ಯಥಾದರ್ಶನದ ಪಾಠವಾದ ಮೇಲೆ, ಹತ್ತು ದಾಟಿದ ಮಕ್ಕಳಿಗೆ, ತಿಂಗಳಿಗೊಮ್ಮೆ, ತಾವು ಬರೆದ ಮನೆಯೊಳಕ್ಕೆ ತಾವೇ ಹೊಕ್ಕು ಬರುವ ಅವಕಾಶವನ್ನು ಅವರು ಮಾಡಿಕೊಡಲಿ. ಆಗ ಆ ಶಾಲೆಗೆ ನಾನೇ ಹೋಗಿ ಮೇಜು ಸರಿಸಿಕೊಡುತ್ತೇನೆ.

ಅಲ್ಲಿಯವರೆಗೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ಮುಂದಿನ ಪಾಲಕರ ಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆಗಳನ್ನು ಕೇಳಿ. ಚಿತ್ರಕಲೆಯನ್ನು ಕಲಿಸುವವರ ಹೆಸರೇನು? ಒಂದು ಮಗುವಿಗೆ ವಾರದಲ್ಲಿ ಎಷ್ಟು ನಿಮಿಷ ಚಿತ್ರ ಬರೆಯಲು ಸಿಗುತ್ತದೆ? ಈ ಯಂತ್ರ ನಿಂತುಹೋದ ದಿನ ಆ ಅವಧಿಯಲ್ಲಿ ಏನು ಮಾಡಿಸುತ್ತೀರಿ? ಮೊದಲನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರಿನ ಬದಲು ಒಂದು ಕಂಪನಿಯ ಹೆಸರು ಉತ್ತರವಾಗಿ ಬಂದರೆ, ಮತ್ತೊಮ್ಮೆ ಕೇಳಿ.