ಗಣಕದ ಅಕ್ಷರ ಪರೀಕ್ಷೆ ಮತ್ತು ಕನ್ನಡದ ವರ್ಣವಿಚಾರ

ವಾಣಿಜ್ಯ ಲೆಕ್ಕಾಚಾರಕ್ಕಾಗಿ 1959–60ರಲ್ಲಿ ರೂಪುಗೊಂಡ ಕೋಬಾಲ್ ಭಾಷೆಯಲ್ಲಿ, ಒಳಬರುವ ದತ್ತಾಂಶವು ಅಂಕಿಯೋ ಅಕ್ಷರವೋ ಎಂದು ಪರೀಕ್ಷಿಸುವ ವ್ಯವಸ್ಥೆಯಿದೆ. ಸಂಬಳದ ಮೊತ್ತದಲ್ಲಿ ಅಕ್ಷರ ನುಸುಳಿದರೆ ಲೆಕ್ಕ ಕೆಡುತ್ತದೆಯಾದ್ದರಿಂದ ಈ ಪರೀಕ್ಷೆ ಅಗತ್ಯವೇ. ಆದರೆ ಅಲ್ಲಿ ಅಕ್ಷರವೆಂದರೆ ಮೂಲತಃ ರೋಮನ್ ವರ್ಣಮಾಲೆ ಮತ್ತು ಖಾಲಿ ಜಾಗ ಮಾತ್ರ.

1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ಸ್ಥಾನ ನೀಡಿದ ಮೇಲೂ ತೊಡಕು ಪೂರ್ಣವಾಗಿ ನಿವಾರಣೆಯಾಗಿಲ್ಲ. ಅದರ ವರ್ಗೀಕರಣದಲ್ಲಿ ಸ್ವರ, ವ್ಯಂಜನಗಳು ‘ಅಕ್ಷರ’ಗಳಾದರೆ, ಗುಣಿತದ ಗುರುತುಗಳು ‘ಚಿಹ್ನೆ’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರುತ್ತವೆ. ಕನ್ನಡಿಗರು ‘ಕಲಬುರಗಿ’ ಎಂಬಲ್ಲಿ ಐದು ಅಕ್ಷರಗಳನ್ನು ಎಣಿಸುತ್ತಾರೆ. ಆ ಜಿಲ್ಲೆಯದೇ ತಾಲ್ಲೂಕಾದ ‘ಕಮಲಾಪುರ’ದಲ್ಲಿಯೂ ಐದೇ. ಗಣಕಕ್ಕಾದರೋ ಪ್ರತಿಯೊಂದೂ ಐದು ವ್ಯಂಜನ, ಎರಡು ಚಿಹ್ನೆ, ಒಟ್ಟು ಏಳು ಸಂಕೇತ. ‘ಅಕ್ಷರ ವರ್ಗ ಮಾತ್ರ’ ಎಂಬ ನಿಯಮವುಳ್ಳ ತಂತ್ರಾಂಶ ಈ ಎರಡೂ ಹೆಸರುಗಳನ್ನು ತಪ್ಪೆಂದು ತಿರಸ್ಕರಿಸುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಆ ಹೆಸರನ್ನು ಗಣಕ ಒಪ್ಪದಿದ್ದರೆ ಆ ಬದಲಾವಣೆ ಅಪೂರ್ಣವೇ ಸರಿ.

ಚಿಹ್ನೆಗಳಿಗೆ ಅವಕಾಶವಿತ್ತ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು. ಪದದ ಆದಿಯಲ್ಲಿ ಬರಿಯ ಕೊಂಬು ನಿಲ್ಲಲಾರದು. ಒಂದು ವ್ಯಂಜನಕ್ಕೆ ಎರಡು ಸ್ವರಗಳು ಹತ್ತಲಾರವು. ಸಂಕೇತದ ಜಾತಿಯಷ್ಟೇ ಅಲ್ಲ, ಅದರ ಅನುಕ್ರಮವೂ ಪರೀಕ್ಷೆಗೆ ಒಳಪಡಬೇಕು. ಇದು ತಂತ್ರಜ್ಞರೊಬ್ಬರೇ ತೀರ್ಮಾನಿಸುವ ವಿಷಯವಲ್ಲ, ವ್ಯಾಕರಣದ ವಿಷಯ. ವರ್ಣವಿಚಾರವನ್ನು ಕೇಶಿರಾಜ 13ನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ್ದಾನೆ. ಆ ಪರಂಪರೆಯನ್ನು ಬೋಧಿಸುವ ಕನ್ನಡ ವಿಭಾಗಗಳು ಅಕ್ಷರರಚನೆಯ ನಿಯಮಗಳನ್ನು ಸ್ಪಷ್ಟ ಸೂತ್ರಗಳಾಗಿ ಬರೆದು ತಂತ್ರಾಂಶ ರಚನಕಾರರ ಕೈಗಿಡುವುದು ಇಂದಿನ ಅಗತ್ಯ.