ಬಿರುಕು ಮಗುವಿನಲ್ಲಿ, ಕುಸಿತ ಮನೆಯಲ್ಲಿ



ಶಿವಾನುಭವ ಗೋಷ್ಠಿ ಮುಗಿದ ಮೇಲೆ ಪಾಲಕರು ನನ್ನೊಡನೆ ಮಾತಿಗೆ ನಿಲ್ಲುವುದುಂಟು. ಮಗ ಕೋಣೆ ಬಿಟ್ಟು ಬರುವುದಿಲ್ಲ, ಮಗಳು ಸಣ್ಣ ಮಾತಿಗೂ ಸಿಡುಕುತ್ತಾಳೆ ಎನ್ನುತ್ತಾರೆ. ತಪ್ಪು ಮೊಬೈಲಿನದು, ಇಲ್ಲವೇ ಗೆಳೆಯರದು ಎಂದು ಆಗಲೇ ತೀರ್ಮಾನಿಸಿರುತ್ತಾರೆ. ಮನೆಯಲ್ಲಿ ಏನು ನಡೆಯುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಸರ್ಕಾರಿ ಎಂಜಿನಿಯರ್ ಆಗಿ ದುಡಿದವನು ನಾನು. ಗೋಡೆ ಬಿರುಕು ಬಿಟ್ಟರೆ ಗಿಲಾವು ಮೆತ್ತಿ ಸುಣ್ಣ ಬಳಿಯುವುದು ದುರಸ್ತಿಯಲ್ಲ; ಬುನಾದಿ ಎಲ್ಲಿ ಕುಸಿದಿದೆ ಎಂದು ನೋಡಬೇಕು. ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಬಾಲ್ಯದಲ್ಲಿ ಹೊಡೆತ, ನಿಂದನೆ, ತಾಯಿಯ ಮೇಲಿನ ದೌರ್ಜನ್ಯ, ಮನೆಯವರ ಕುಡಿತ ಕಂಡವರಲ್ಲಿ ಮುಂದೆ ಖಿನ್ನತೆ, ವ್ಯಸನ, ಆತ್ಮಹತ್ಯೆಯ ಯತ್ನ, ಹೃದ್ರೋಗ ಕೂಡ ಹೆಚ್ಚಿದ್ದವು. ಇಂಥ ಅನುಭವಗಳು ಹೆಚ್ಚಿದಷ್ಟೂ ಅಪಾಯವೂ ಹೆಚ್ಚಿತ್ತು. ಅಲ್ಲಿ ಉತ್ತರಿಸಿದವರಲ್ಲಿ ಬಹುಪಾಲು ಓದಿದ, ಅನುಕೂಲಸ್ಥ ಜನ. ಆದ್ದರಿಂದ ಇದು ಬಡವರ ಮನೆಯ ಮಾತು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಪೆಟ್ಟು ಮಗುವಿಗೇ ಬೀಳಬೇಕೆಂದಿಲ್ಲ. ಬಾಗಿಲಾಚೆ ಅಪ್ಪನ ಅಬ್ಬರ, ಅವ್ವನ ಅಳು ದಿನವೂ ಕೇಳಿಸಿದರೆ ಸಾಕು. ಅಂಥ ಮಗುವಿನ ಮೈ ಸದಾ ಅಪಾಯ ಕಾಯುತ್ತಿರುತ್ತದೆ. ನಿದ್ದೆಗೇಡು, ತಲೆನೋವು, ಹೊಟ್ಟೆನೋವು, ಓದಿನಲ್ಲಿ ಹಿಂಜರಿಕೆ, ಅಕಾರಣ ಸಿಟ್ಟು ಇವೆಲ್ಲ ಅದರ ಗುರುತುಗಳಾಗಿರಬಹುದು. ಅದನ್ನು ಸೊಕ್ಕು ಎಂದು ಮತ್ತೆ ಹೊಡೆದರೆ ಗಾಯದ ಮೇಲೆ ಬರೆ.

ಆದರೆ ಇದು ಹಣೆಬರಹವಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಕಲಹ, ಕುಡಿತದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೆಯ ಒಂದು ಪಾಲು ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದರು. ಅವರಿಗೆ ಆಸರೆಯಾದದ್ದರಲ್ಲಿ ಮುಖ್ಯವಾದದ್ದು ನಂಬಬಹುದಾದ ಒಬ್ಬ ಹಿರಿಯರ ಒಲವು. ಅವರು ಅಜ್ಜಿಯಾಗಿರಬಹುದು, ನೆರೆಯವರಾಗಿರಬಹುದು, ಶಿಕ್ಷಕರಾಗಿರಬಹುದು.

ಆ ಹಿರಿಯರು ನಾವೇಕಾಗಬಾರದು? ದಿನಕ್ಕೊಂದು ಹೊತ್ತು ಒಟ್ಟಿಗೆ ಉಣ್ಣೋಣ. ಮಗು ಮಾತಾಡುವಾಗ ಉಪದೇಶಕ್ಕೆ ಅವಸರಿಸದೆ ಕೇಳೋಣ. ಗಂಡ ಹೆಂಡಿರ ಜಗಳದಲ್ಲಿ ಮಕ್ಕಳನ್ನು ಸಾಕ್ಷಿಗೆ ಎಳೆಯದಿರೋಣ. ಬೈದದ್ದು ಹೆಚ್ಚಾಯಿತೆನಿಸಿದರೆ ಮಗುವಿನ ಮುಂದೆ ಹಾಗೆಂದು ಒಪ್ಪಿಕೊಂಡರೆ ಹಿರಿತನ ಕುಂದುವುದಿಲ್ಲ. ಮಠಗಳ ಗೋಷ್ಠಿಗಳಲ್ಲಿ, ವಸತಿ ನಿಲಯಗಳಲ್ಲಿ ಈ ವಿಷಯಕ್ಕೂ ವೇದಿಕೆ ಸಿಗಲಿ.

ಸಂಕಟ ಮೀರಿದಾಗ ಗ್ರಹಚಾರವೆಂದು ತಿಂಗಳುಗಟ್ಟಲೆ ಕಾಯಬಾರದು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ 1098ಕ್ಕೆ ಕರೆ ಮಾಡಿ, ಮಾಡುವವರು ಬಂಧುವೇ ಆಗಿದ್ದರೂ ಸರಿ.

ಮನೆಯ ಮಾತು ಹೊರಗೆ ಹೋಗಬಾರದೆಂಬ ಮರ್ಯಾದೆಗೆ ಒಂದು ಮಗುವಿನ ಬಾಳನ್ನು ಬಲಿಕೊಡುವುದು ಯಾವ ಧರ್ಮವೂ ಅಲ್ಲ.