ಕುಣಿತದ ನಂಟು, ಮಾತ್ರೆಯ ಮುಳುವು
1988ರ ಬೇಸಿಗೆಯಲ್ಲಿ ಲಂಡನ್ನಿನ ಶೂಮ್, ಮ್ಯಾಂಚೆಸ್ಟರಿನ ಹಸಿಯೆಂಡಾ ಕ್ಲಬ್ಬುಗಳಲ್ಲಿ ಮುಖಪರಿಚಯವೂ ಇಲ್ಲದವರು ಬೆವರಿಳಿಯುವ ಮೈಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಆ ಅಕ್ಕರೆಯ ಶ್ರೇಯವೆಲ್ಲ ಎಕ್ಸ್‌ಟಸಿ ಮಾತ್ರೆಗೆ ಸಂದಿತು. ಅದರಲ್ಲಿನ ಎಂಡಿಎಂಎ ಮಿದುಳಿನಲ್ಲಿ ಸೆರೊಟೋನಿನ್ ಉಕ್ಕಿಸಿ ಸಂಕೋಚ ಕಳೆಯುವುದು ನಿಜ. ಮೈಯ ಬಿಸಿ ಏರಿಸಿ ಜೀವ ತೆಗೆಯಬಲ್ಲದು ಎಂಬುದೂ ಅಷ್ಟೇ ನಿಜ. 1989ರಲ್ಲಿ ಹಸಿಯೆಂಡಾದಲ್ಲಿ ಅದನ್ನು ನುಂಗಿದ 16ರ ಹುಡುಗಿಯೊಬ್ಬಳು ಬದುಕುಳಿಯಲಿಲ್ಲ. ಆದರೆ ನಂಟು ಬೆಸೆಯಲು ಕುಣಿತವೊಂದೇ ಸಾಕು. ಆಕ್ಸ್‌ಫರ್ಡ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರೆಜಿಲ್‌ನ ಶಾಲಾ ಮಕ್ಕಳು ಒಂದೇ ತಾಳಕ್ಕೆ ಒಂದೇ ಹೆಜ್ಜೆ ಹಾಕಿದಾಗ ನೋವು ತಾಳುವ ಶಕ್ತಿಯೂ ಜೊತೆಗಾರರ ಮೇಲಿನ ಆಪ್ತತೆಯೂ ಹೆಚ್ಚಿತ್ತು. ಬ್ರಿಟನ್ ಸರ್ಕಾರ ಮಾತ್ರ 1994ರಲ್ಲಿ ಕಾನೂನು ತಂದು, ಒಂದೇ ಸಮನೆ ಬಡಿಯುವ ತಾಳದ ಬಯಲು ಕೂಟಗಳನ್ನೇ ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಅಪಾಯ ಮಾತ್ರೆಯಲ್ಲಿತ್ತು, ಏಟು ಕೂಟಕ್ಕೆ ಬಿತ್ತು. ಕುಣಿಯುವ ಹುಡುಗರಿಗೆ ಬೇಕಾದದ್ದು ಕುಡಿಯಲು ನೀರು, ತಣ್ಣಗೆ ಕೂರಲು ಜಾಗ, ಮಾತ್ರೆಯಲ್ಲಿ ಏನಿದೆಯೆಂದು ಪರೀಕ್ಷಿಸಿ ಹೇಳುವವರು, ಯಾರಾದರೂ ಕುಸಿದರೆ ಪೊಲೀಸರಿಗೆ ಹೆದರದೆ ಆಂಬುಲೆನ್ಸ್ ಕರೆಯುವ ಧೈರ್ಯ. ಇಷ್ಟನ್ನು ಒದಗಿಸುವುದು ಕ್ಲಬ್ಬಿನವರ ಹೊಣೆ, ಸರ್ಕಾರದ ಹೊಣೆ.